ತನ್ನ ತಿಥಿಯ ಹೊತ್ತಿಗೆ ಮನೆಗೆ ಬಂದ ಆಟಗಾರ

ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಕೆಲಸ ಮಾಡುವ ಬರ್ಲಿನ್ ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ನ್ಯುಮೋನಿಯಾ ಹಿಡಿದ ವೃದ್ಧರೊಬ್ಬರು ದಾಖಲಾದರು. ಅವರ ಗುರುತಿನ ಚೀಟಿಯಲ್ಲಿ ಜನ್ಮಸ್ಥಳದ ಎದುರು ಚೆರ್ನೊವಿಟ್ಸ್ ಎಂದಿತ್ತು. ಜರ್ಮನಿಯ ಭೂಪಟದಲ್ಲಿ ಅಂಥ ಊರನ್ನು ನಾನು ಕಂಡಿರಲಿಲ್ಲ. ಕೇಳಿದಾಗ ಅವರು ನಕ್ಕು, ತಮ್ಮ ತಂದೆ ಹುಟ್ಟಿದಾಗ ಅದು ಆಸ್ಟ್ರಿಯದಲ್ಲಿತ್ತೆಂದೂ, ತಾವು ಹುಟ್ಟಿದಾಗ ರುಮೇನಿಯದಲ್ಲಿತ್ತೆಂದೂ, ಈಗ ಉಕ್ರೇನಿನಲ್ಲಿದೆಯೆಂದೂ, ಊರು ಮಾತ್ರ ಇದ್ದಲ್ಲಿಂದ ಒಂದು ಗೇಣೂ ಕದಲಿಲ್ಲವೆಂದೂ ವಿವರಿಸಿದರು. ಜ್ವರ ಇಳಿದು ಮನೆಗೆ ಹೊರಡುವ ಹಿಂದಿನ ಸಂಜೆ ಅವರು ತಮ್ಮೂರಿನ ಫುಟ್‌ಬಾಲ್ ಆಟಗಾರನೊಬ್ಬನ ಕತೆ ಹೇಳಿದರು. ಅವನಿಗೂ ನ್ಯುಮೋನಿಯಾ ಬಂದಿತ್ತು; ಅದೂ ನಡುಗಡಲಿನಲ್ಲಿ, ಪೆನಿಸಿಲಿನ್ ಇಲ್ಲದ ಕಾಲದಲ್ಲಿ. ಅಂದಿನಿಂದ ಆ ಹೆಸರು ನನ್ನ ಬೆನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ಮನೆ ಬಿಟ್ಟು ದೂರ ಹೋದವರಿಗೂ ಅವರಿಗಾಗಿ ಕಾದು ಕುಳಿತವರಿಗೂ ಆತನ ಬದುಕು ತಿಳಿದಿರಬೇಕೆಂದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಆತನ ಹೆಸರು ಆಲ್ಫ್ರೆಡ್ ಐಸೆನ್‌ಬೈಸರ್. ಹುಟ್ಟಿದ್ದು 1908ರ ಏಪ್ರಿಲ್ 7ರಂದು, ಬುಕೊವಿನಾ ಪ್ರಾಂತದ ರಾಜಧಾನಿ ಚೆರ್ನೊವಿಟ್ಸ್‌ನಲ್ಲಿ. ಆಗ ಅದು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಪೂರ್ವದ ಅಂಚು. ವಿಯೆನ್ನಾದಿಂದ ಬಹು ದೂರವಿದ್ದರೂ ವಿಯೆನ್ನಾದಂತೆಯೇ ಕಾಣಬೇಕೆಂಬ ಹಂಬಲದ ಪಟ್ಟಣ. 1875ರಿಂದಲೇ ಅಲ್ಲಿ ಜರ್ಮನ್ ಭಾಷೆಯಲ್ಲಿ ಪಾಠ ಹೇಳುವ ವಿಶ್ವವಿದ್ಯಾಲಯವಿತ್ತು. ಒಂದೇ ಬೀದಿಯಲ್ಲಿ ಜರ್ಮನ್, ರುಮೇನಿಯನ್, ಉಕ್ರೇನಿಯನ್, ಯಿಡ್ಡಿಷ್, ಪೋಲಿಷ್ ಕೇಳಿಬರುತ್ತಿದ್ದವು. ನಮ್ಮ ಬೆಳಗಾವಿಯನ್ನೋ ಕಾಸರಗೋಡನ್ನೋ ಬಲ್ಲವರಿಗೆ ಇಂಥ ಊರಿನ ಸೊಗಸನ್ನೂ ಸಂಕಟವನ್ನೂ ವಿವರಿಸಿ ಹೇಳಬೇಕಾಗಿಲ್ಲ. 1918ರಲ್ಲಿ ಸಾಮ್ರಾಜ್ಯ ಕುಸಿಯಿತು. ಬುಕೊವಿನಾ ರುಮೇನಿಯಕ್ಕೆ ಸೇರಿತು. ಚೆರ್ನೊವಿಟ್ಸ್ ಎಂಬುದು ಚೆರ್ನೌಟ್ಸಿ ಆಯಿತು. ಹತ್ತು ವರ್ಷದ ಹುಡುಗ ಮನೆಯ ಹೊಸಿಲು ದಾಟದೆಯೇ ಬೇರೊಂದು ದೇಶದ ಪ್ರಜೆಯಾದ.

ಆ ಪಟ್ಟಣದ ಫುಟ್‌ಬಾಲ್ ಕೂಡ ಭಾಷೆಗಳ ಲೆಕ್ಕದಲ್ಲಿಯೇ ಹಂಚಿಹೋಗಿತ್ತು. ಯಹೂದಿಗಳಿಗೆ ಮಕ್ಕಾಬಿ, ಪೋಲಿಷರಿಗೆ ಪೊಲೊನಿಯಾ, ಜರ್ಮನರಿಗೆ ಯಾನ್, ರುಮೇನಿಯನ್ನರಿಗೆ ದ್ರಾಗೋಷ್ ವೋಡಾ. ಆಲ್ಫ್ರೆಡ್ ಜರ್ಮನ್ ಮನೆಮಾತಿನವನಾದರೂ ದ್ರಾಗೋಷ್ ವೋಡಾ ಪರವಾಗಿಯೂ ಆಡಿದ. ಆತ ನಿಲ್ಲುತ್ತಿದ್ದುದು ಹಾಫ್‌ಬ್ಯಾಕ್ ಸಾಲಿನಲ್ಲಿ. ಇಂದಿನ ಓದುಗರಿಗೆ ಇದನ್ನು ತುಸು ಬಿಡಿಸಿ ಹೇಳಬೇಕು. ಆ ಕಾಲದ ತಂಡಗಳು ಗೋಲಿಯ ಮುಂದೆ ಇಬ್ಬರು, ಅವರ ಮುಂದೆ ಮೂವರು, ತುದಿಯಲ್ಲಿ ಐವರು ಎಂಬ ವ್ಯೂಹದಲ್ಲಿ ಆಡುತ್ತಿದ್ದವು. ನಡುವಿನ ಆ ಮೂವರ ಪಾಡು ಒಟ್ಟು ಕುಟುಂಬದ ನಡುವಿನ ಸೊಸೆಯ ಪಾಡು. ಎದುರಾಳಿಯ ಐವರು ನುಗ್ಗಿದಾಗ ಮೊದಲ ಗೋಡೆ ಇವರೇ; ಚೆಂಡು ಕಸಿದುಕೊಂಡೊಡನೆ ತಮ್ಮ ಐವರಿಗೆ ಬಡಿಸಬೇಕಾದವರೂ ಇವರೇ. ಗೋಲು ಹೊಡೆದ ಕೀರ್ತಿ ಇವರಿಗೆ ಸಿಗುವುದು ಅಪರೂಪ. ಗೋಲು ಬಿಟ್ಟುಕೊಟ್ಟ ಅಪಕೀರ್ತಿಯಲ್ಲಿ ಮಾತ್ರ ಪೂರ್ತಿ ಪಾಲು. ಎರಡು ತುದಿಗೂ ಓಡಿ ಬರಬೇಕಾದ ಈ ಸ್ಥಾನಕ್ಕೆ ಬೇಕಾದದ್ದು ಮೊದಲು ಗಟ್ಟಿಮುಟ್ಟಾದ ಪುಪ್ಪುಸಗಳು.

1930ರ ಬೇಸಿಗೆಯಲ್ಲಿ ಉರುಗ್ವೆ ದೇಶ ಮೊಟ್ಟಮೊದಲ ವಿಶ್ವಕಪ್ ಏರ್ಪಡಿಸಿತು. ಯೂರೋಪಿನ ದೊಡ್ಡ ತಂಡಗಳೆಲ್ಲ ಒಲ್ಲೆವೆಂದವು. ಹೋಗಿಬರಲು ಸುಮಾರು ಎರಡು ತಿಂಗಳು ಬೇಕಿತ್ತು. ಆಟಗಾರರು ಕಾರ್ಖಾನೆ, ಕಚೇರಿಗಳಲ್ಲಿ ಸಂಬಳಕ್ಕೆ ದುಡಿಯುವವರು. ಅಷ್ಟು ದಿನ ರಜೆ ಕೊಡುವ ಧಣಿ ಎಲ್ಲಿದ್ದಾನೆ? ಕೊನೆಗೆ ಯೂರೋಪಿನಿಂದ ಹೊರಟವು ನಾಲ್ಕೇ ದೇಶಗಳು: ಫ್ರಾನ್ಸ್, ಬೆಲ್ಜಿಯಂ, ಯುಗೊಸ್ಲಾವಿಯ ಮತ್ತು ರುಮೇನಿಯ. ರುಮೇನಿಯ ಹೊರಟ ಹಿನ್ನೆಲೆಯಲ್ಲಿ ಒಬ್ಬ ರಾಜನಿದ್ದಾನೆ. ಆ ಜೂನ್ ತಿಂಗಳ ಮೊದಲ ವಾರದಲ್ಲಷ್ಟೇ ದೇಶಕ್ಕೆ ಮರಳಿ ಸಿಂಹಾಸನವೇರಿದ ಎರಡನೆಯ ಕ್ಯಾರೊಲ್ ಕ್ರೀಡಾಪ್ರೇಮಿ. ಆಟಗಾರರ ಕೆಲಸ ಹೋಗದಂತೆ ಸಂಬಳದ ರಜೆ ಕೊಡಬೇಕೆಂದು ಆತನೇ ಕಂಪನಿಗಳ ಮೇಲೆ ಒತ್ತಡ ಹಾಕಿದನೆಂದು ರುಮೇನಿಯದಲ್ಲಿ ಇಂದಿಗೂ ಹೇಳುತ್ತಾರೆ. ರಜೆಯ ಅರ್ಜಿಗೆ ಅರಸನ ಶಿಫಾರಸು! ಊರಿಗೆ ಹೋಗಲು ಮೂರು ವಾರದ ರಜೆಗಾಗಿ ವರ್ಷವಿಡೀ ಮೇಲಧಿಕಾರಿಯ ಮುಖ ನೋಡುವ ನಮ್ಮಂಥವರಿಗೆ ಅಸೂಯೆಯಾಗುವ ಸಂಗತಿ.

ಇಪ್ಪತ್ತೆರಡರ ಆಲ್ಫ್ರೆಡ್ ಆ ತಂಡದಲ್ಲಿದ್ದ. ರೈಲಿನಲ್ಲಿ ಇಟಲಿಯ ಜಿನೋವಾ ಬಂದರಿಗೆ ಬಂದು ಅವರೆಲ್ಲ ಕೊಂತೆ ವೆರ್ದೆ ಎಂಬ ಹಡಗನ್ನು ಹತ್ತಿದರು. ಫ್ರಾನ್ಸಿನ ವಿಲ್‌ಫ್ರಾಂಷ್‌ನಲ್ಲಿ ಫ್ರೆಂಚ್ ತಂಡವೂ, ವಿಶ್ವಕಪ್ಪನ್ನು ಪೆಟ್ಟಿಗೆಯಲ್ಲಿಟ್ಟುಕೊಂಡ ಫಿಫಾ ಅಧ್ಯಕ್ಷ ಜೂಲ್ ರಿಮೆಯೂ ಹತ್ತಿದರು, ಬಾರ್ಸಿಲೋನಾದಲ್ಲಿ ಬೆಲ್ಜಿಯನ್ನರು, ಸಾಗರದ ಆಚೆ ದಡದ ರಿಯೊ ಡಿ ಜನೈರೊದಲ್ಲಿ ಬ್ರೆಜಿಲಿನವರು. ಪರಸ್ಪರ ಎದುರಾಳಿಗಳಾಗಬೇಕಾದ ತಂಡಗಳು ಒಂದೇ ಹಡಗಿನ ಅಟ್ಟದ ಮೇಲೆ ಸುತ್ತು ಹಾಕಿ ಓಡುತ್ತ, ವ್ಯಾಯಾಮ ಮಾಡುತ್ತ ಎರಡು ವಾರ ಕಳೆದವು. ಜುಲೈ 4ರಂದು ಹಡಗು ಮಾಂಟೆವಿಡಿಯೊ ಮುಟ್ಟಿತು. (ಇದೇ ಕೊಂತೆ ವೆರ್ದೆ ಕೆಲವು ವರ್ಷಗಳ ನಂತರ ಇಟಲಿಯಿಂದ ಮುಂಬಯಿ, ಕೊಲಂಬೊ ಮಾರ್ಗವಾಗಿ ಶಾಂಘೈಗೆ ಓಡಾಡಿತು. ನಮ್ಮ ಅಜ್ಜಂದಿರ ಕಾಲದವರು ಮುಂಬಯಿಯ ಬಂದರಿನಲ್ಲಿ ಅದನ್ನು ಕಂಡಿರಬಹುದು.)

ಉತ್ತರದ ಬೇಸಿಗೆಯಿಂದ ಹೊರಟವರು ದಕ್ಷಿಣದ ಚಳಿಗಾಲಕ್ಕೆ ಇಳಿದಿದ್ದರು. ಜುಲೈ 14ರಂದು ಪೊಸಿಟೋಸ್ ಮೈದಾನದಲ್ಲಿ ಪೆರು ವಿರುದ್ಧ ರುಮೇನಿಯದ ಮೊದಲ ಪಂದ್ಯ. ನೋಡಲು ನೆರೆದವರು ಮುನ್ನೂರರ ಆಸುಪಾಸು ಎಂದು ಪ್ರತೀತಿ. ನಮ್ಮ ಕಡೆ ಒಂದು ಮದುವೆಯ ಊಟದ ಎರಡು ಪಂಕ್ತಿಯಷ್ಟೂ ಜನರಿಲ್ಲ. ಮೊದಲ ನಿಮಿಷದಲ್ಲಿಯೇ ದೆಶು ಗೋಲು ಹೊಡೆದ. ಪಂದ್ಯ ಮಾತ್ರ ಸೌಮ್ಯವಾಗಿರಲಿಲ್ಲ. ರುಮೇನಿಯದ ಹಿಂಸಾಲಿನ ರಕ್ಷಕ ಅಡಾಲ್ಬರ್ಟ್ ಸ್ಟೈನರನ ಕಾಲು ಮುರಿಯಿತು. ಪೆರುವಿನ ಆಟಗಾರನೊಬ್ಬನನ್ನು ರೆಫರಿ ಹೊರಗೆ ಕಳಿಸಿದರು. ವಿಶ್ವಕಪ್ಪಿನ ಇತಿಹಾಸದಲ್ಲಿ ಹಾಗೆ ಹೊರಹೋದ ಮೊದಲಿಗ ಅವನೇ. ಗಾಯಗೊಂಡವನ ಬದಲಿಗೆ ಬೇರೊಬ್ಬನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಗೋಲಿಯ ಮುಂದೆ ಇರಬೇಕಾದ ಇಬ್ಬರಲ್ಲಿ ಒಬ್ಬ ಸ್ಟ್ರೆಚರಿನ ಮೇಲೆ ಹೋದಾಗ ಆ ಖಾಲಿ ಜಾಗದ ಭಾರ ಬೀಳುವುದು ಹಾಫ್‌ಬ್ಯಾಕ್ ಸಾಲಿನ ಮೇಲೆ. ಅಂದರೆ ರಾಫಿನ್‌ಸ್ಕಿ, ಫೋಗ್ಲ್ ಮತ್ತು ಐಸೆನ್‌ಬೈಸರನ ಮೇಲೆ. 75ನೆಯ ನಿಮಿಷದಲ್ಲಿ ಪೆರು ಸಮ ಮಾಡಿಕೊಂಡಿತು. ಆದರೆ ಗೋಡೆ ಬೀಳಲಿಲ್ಲ. 79ನೆಯ ನಿಮಿಷದಲ್ಲಿ ಸ್ಟಾನ್ಚು, 89ನೆಯ ನಿಮಿಷದಲ್ಲಿ ಕೊವಾಚ್ ಗೋಲು ಹೊಡೆದು 3–1ರ ಗೆಲುವು ತಂದರು.

ಒಂದು ವಾರ ಕಳೆದು, ಜುಲೈ 21ರಂದು, ಹೊಚ್ಚ ಹೊಸ ಸೆಂಟೆನಾರಿಯೊ ಕ್ರೀಡಾಂಗಣದಲ್ಲಿ ಆತಿಥೇಯ ಉರುಗ್ವೆಯ ಎದುರು ಆಟ. ಇಲ್ಲಿ ಹೇಳುವಂಥದ್ದೇನಿಲ್ಲ. ಮೊದಲರ್ಧದಲ್ಲಿಯೇ ನಾಲ್ಕು ಗೋಲು ಬಿದ್ದವು; ಎರಡನೆಯ ಅರ್ಧದಲ್ಲಿ ಒಂದೂ ಇಲ್ಲ. ಗುಂಪಿನಲ್ಲಿ ಮೊದಲನೆಯವರಿಗೆ ಮಾತ್ರ ಮುಂದಿನ ಸುತ್ತು. ರುಮೇನಿಯದವರು ಗಂಟುಮೂಟೆ ಕಟ್ಟಿದರು.

ಕತೆ ಶುರುವಾಗುವುದು ಮರುಪಯಣದಲ್ಲಿ. ಹಡಗಿನಲ್ಲಿ ಆಲ್ಫ್ರೆಡ್ ತಣ್ಣೀರಿನಲ್ಲಿ ಈಜಿದ, ಶೀತ ಹಿಡಿಯಿತು, ಅದು ನ್ಯುಮೋನಿಯಾಕ್ಕೆ ತಿರುಗಿತು ಎನ್ನುತ್ತಾರೆ. ತಲೆಗೆ ನೀರು ಹಾಕಿಕೊಂಡು ಗಾಳಿಗೆ ಹೋದರೆ ಜ್ವರ ಬರುತ್ತದೆಂದು ನಮ್ಮ ಮನೆಗಳಲ್ಲಿ ಹೇಳುವ ಮಾತಿನ ಯೂರೋಪಿನ ರೂಪ ಇದು. ತಣ್ಣೀರು ರೋಗಾಣುವನ್ನು ಹುಟ್ಟಿಸುವುದಿಲ್ಲ. ವಾರಗಟ್ಟಲೆ ಇಕ್ಕಟ್ಟಾದ ಕೋಣೆಗಳಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ತಗಲುವಂತೆ ಮಲಗಿದವರ ನಡುವೆ, ದಣಿದ ದೇಹವೊಂದನ್ನು ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಹಿಡಿಯಲು ಕೊಳ ಬೇಕಾಗಿಲ್ಲ. ಆದರೂ ರೋಗಿಗೆ ಒಂದು ಕಾರಣ ಬೇಕು, ಮನೆಯವರಿಗಂತೂ ಬೇಕೇ ಬೇಕು. ಮೂವತ್ತು ವರ್ಷಗಳ ವೈದ್ಯವೃತ್ತಿಯಲ್ಲಿ ನಾನು ಈ ಕಾರಣಗಳನ್ನು ಖಂಡಿಸುವುದನ್ನು ಬಿಟ್ಟಿದ್ದೇನೆ.

ಆಗ ಆತನ ಎದೆಯೊಳಗೆ ಏನು ನಡೆದಿರುತ್ತದೆಂದು ಹೇಳಬಲ್ಲೆ. ಇದ್ದಕ್ಕಿದ್ದಂತೆ ಮೈ ನಡುಗಿಸುವ ಚಳಿ, ಜ್ವರ, ಉಸಿರೆಳೆದರೆ ಪಕ್ಕೆಗೆ ಚೂರಿ ಇರಿದಂತಹ ನೋವು, ಕಬ್ಬಿಣದ ತುಕ್ಕಿನ ಬಣ್ಣದ ಕಫ. ಸ್ಪಂಜಿನಂತೆ ಹಗುರವಾಗಿರಬೇಕಾದ ಪುಪ್ಪುಸದ ಒಂದು ಹಾಲೆಗೆ ಹಾಲೆಯೇ ಕೀವು ರಕ್ತಕಣಗಳು ತುಂಬಿ ಯಕೃತ್ತಿನಂತೆ ಗಟ್ಟಿಯಾಗುತ್ತದೆ. ನಾವು ವೈದ್ಯ ವಿದ್ಯಾರ್ಥಿಗಳಾಗಿದ್ದಾಗ ಗಾಜಿನ ಜಾಡಿಯಲ್ಲಿ ಅಂಥ ಪುಪ್ಪುಸವನ್ನು ನೋಡಿ ಯಕೃತ್ತೆಂದೇ ತಪ್ಪು ತಿಳಿದು ಗುರುಗಳಿಂದ ಬೈಸಿಕೊಂಡದ್ದುಂಟು. ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನಿನ ಗುಣವನ್ನು ಗಮನಿಸಿದ್ದು 1928ರಲ್ಲಿ. ಅದು ಮೊದಲ ಬಾರಿಗೆ ರೋಗಿಯ ರಕ್ತಕ್ಕೆ ಇಳಿದದ್ದು 1941ರಲ್ಲಿ. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಸಲ್ಫಾ ಔಷಧದ ಫಲಿತಾಂಶ ಪ್ರಕಟಿಸಿದ್ದು 1935ರಲ್ಲಿ. 1930ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ಮೇಲಿದ್ದ ಹಡಗಿನ ವೈದ್ಯನ ಕೈಯಲ್ಲಿದ್ದುದು ಕರ್ಪೂರದ ಚುಚ್ಚುಮದ್ದು, ಹೃದಯಕ್ಕೆ ಡಿಜಿಟಾಲಿಸ್, ಎದೆಗೆ ಸಾಸಿವೆಯ ಪಟ್ಟು, ತುಸು ಬ್ರಾಂಡಿ, ಮತ್ತು ಗಡಿಯಾರ.

ಗಡಿಯಾರವೆಂದದ್ದು ಚಮತ್ಕಾರಕ್ಕಲ್ಲ. ಆ ಕಾಲದ ವೈದ್ಯರು ದಿನಗಳನ್ನು ಎಣಿಸುತ್ತಿದ್ದರು. ಸಾಮಾನ್ಯವಾಗಿ ಐದರಿಂದ ಹತ್ತನೆಯ ದಿನದ ನಡುವೆ, ಹೆಚ್ಚಾಗಿ ಏಳರ ಸುಮಾರಿಗೆ, ದೇಹ ತಾನೇ ತಯಾರಿಸಿಕೊಂಡ ಪ್ರತಿಕಾಯಗಳು ಸಾಕಷ್ಟಾದರೆ ಕೆಲವೇ ಗಂಟೆಗಳಲ್ಲಿ ಜ್ವರ ಜರ್ರೆಂದು ಇಳಿದು, ಹಾಸಿಗೆ ತೊಯ್ಯುವಷ್ಟು ಬೆವರಿ, ರೋಗಿ ನಿದ್ದೆಹೋಗುತ್ತಿದ್ದ. ಅದಕ್ಕೆ ಅವರು ಕ್ರೈಸಿಸ್ ಎನ್ನುತ್ತಿದ್ದರು. ಆ ಬೆವರು ಬರದಿದ್ದರೆ ಪಾದ್ರಿ ಬರುತ್ತಿದ್ದ. ನೂರು ರೋಗಿಗಳಲ್ಲಿ ಇಪ್ಪತ್ತರಿಂದ ಮೂವತ್ತು ಮಂದಿ ಉಳಿಯುತ್ತಿರಲಿಲ್ಲ. ಆಲ್ಫ್ರೆಡನ ಸ್ಥಿತಿ ಕಂಡವರು ಆತನನ್ನು ಆ ಮೂವತ್ತರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಹಡಗು ಜಿನೋವಾ ತಲುಪಿದಾಗ ಆತನನ್ನು ಅಲ್ಲಿ ಇಳಿಸಿ ಚಿಕಿತ್ಸೆಗೆ ಬಿಟ್ಟು, ಉಳಿದ ತಂಡ ರೈಲು ಹಿಡಿದು ದೇಶಕ್ಕೆ ಮರಳಿತು. ಅವರಿಗೂ ರಜೆ ಮುಗಿಯುತ್ತಿತ್ತು, ಕ್ರೂರಿಗಳೆಂದು ದೂರುವಂತಿಲ್ಲ.

ತಂಡ ಬಂತು, ಒಬ್ಬ ಬರಲಿಲ್ಲ. ಎಲ್ಲಿ ಎಂಬ ಪ್ರಶ್ನೆಗೆ ಸಿಕ್ಕಿದ ಉತ್ತರ ಬಾಯಿಂದ ಬಾಯಿಗೆ ದಾಟುತ್ತ ಚೆರ್ನೌಟ್ಸಿಯ ಆ ಮನೆಯನ್ನು ಮುಟ್ಟುವ ಹೊತ್ತಿಗೆ ಮಗ ಸತ್ತಿದ್ದ. ಆ ದಾಟುವಿಕೆ ಹೇಗೆ ನಡೆದಿರುತ್ತದೆಂದು ಊಹಿಸಲು ನನಗೆ ಕಷ್ಟವಿಲ್ಲ. ತೀವ್ರ ನಿಗಾ ಘಟಕದ ಹೊರಗೆ ನಿಂತ ಬಂಧುವಿಗೆ ನಾನು ಹೇಳುವ ಪ್ರತಿಯೊಂದು ವಾಕ್ಯದಲ್ಲಿಯೂ ಒಂದು ಆದರೆ, ಒಂದು ಬಹುಶಃ ಇರುತ್ತದೆ. ಆ ಬಂಧು ಫೋನಿನಲ್ಲಿ ಅದನ್ನು ಇನ್ನೊಬ್ಬರಿಗೆ ದಾಟಿಸುವಾಗ ಮೊದಲು ಉದುರಿಹೋಗುವುದು ಆ ಎರಡು ಪದಗಳೇ. ಉಳಿಯುವುದು ಕಷ್ಟ ಎಂಬುದು ಉಳಿಯುವುದಿಲ್ಲ ಎಂದಾಗುತ್ತದೆ; ಮೂರನೆಯ ಬಾಯಿಯಲ್ಲಿ ಉಳಿಯಲಿಲ್ಲ. ಯಾರೂ ಸುಳ್ಳು ಹೇಳಿರುವುದಿಲ್ಲ. 1930ರಲ್ಲಿ ತಂತಿ ಇತ್ತು, ಹಡಗುಗಳಲ್ಲಿ ವೈರ್‌ಲೆಸ್ಸೂ ಇತ್ತು. ತಂತಿಗೆ ಪದಕ್ಕಿಷ್ಟೆಂದು ಕಾಸು, ಬಾಯಿಮಾತು ಪುಕ್ಕಟೆ.

ಇದನ್ನು ಬರೆಯುವಾಗ ನನ್ನ ಸ್ವಂತ ಅನುಭವವೊಂದನ್ನು ಮುಚ್ಚಿಡಲಾರೆ. ನಾನು ಎಂ.ಡಿ. ಮುಗಿಸಿ ಜರ್ಮನಿಗೆ ಬಂದ ಮೊದಲ ಚಳಿಗಾಲ. ಸಿರಸಿಯ ಹತ್ತಿರದ ನಮ್ಮ ಹಳ್ಳಿಯಿಂದ ಸೋದರಮಾವ ಪೇಟೆಯ ಎಸ್‌ಟಿಡಿ ಬೂತಿಗೆ ಬಂದು ನನ್ನ ಬಿಡಾರಕ್ಕೆ ಫೋನು ಮಾಡಿದರು. ಎತ್ತಿದವನು ನನ್ನ ಜೊತೆ ವಾಸವಿದ್ದ ತೆಲುಗು ಗೆಳೆಯ. ನಾನು ಆಸ್ಪತ್ರೆಯಲ್ಲಿದ್ದೇನೆ, ನಾಳೆ ರಾತ್ರಿಯವರೆಗೂ ಬರುವುದಿಲ್ಲ ಎಂದು ಆತ ಪ್ರಾಮಾಣಿಕವಾಗಿ ತಿಳಿಸಿದ. ನಾನು ಕರ್ತವ್ಯದ ಮೇಲಿದ್ದೆ. ಮಾವನವರಿಗೆ ಕೇಳಿಸಿದ್ದು ನಾನು ಹಾಸಿಗೆಯ ಮೇಲಿದ್ದೇನೆಂದು. ಮರುದಿನ ಮಾರಿಕಾಂಬೆಗೆ ಹರಕೆ ಹೊತ್ತಾಯಿತು; ಅಮ್ಮ ಎರಡು ದಿನ ನೀರಲ್ಲದೆ ಏನನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಫೋನ್ ಕಾರ್ಡ್ ಕೊಂಡು ನಾನು ಮಾತಾಡಿದಾಗ ಆಚೆಯಿಂದ ಬಹಳ ಹೊತ್ತು ಸದ್ದೇ ಇರಲಿಲ್ಲ. ಕಾರ್ಡಿನ ನಿಮಿಷಗಳು ಕರಗುತ್ತಿವೆಯೆಂದು ನಾನು ಸಿಡುಕಿದೆ. ಆ ಸಿಡುಕು ಇಂದಿಗೂ ನೆನಪಾಗುತ್ತದೆ. ಹರಕೆಯನ್ನು ಮುಂದೆ ರಜೆಗೆ ಹೋದಾಗ ತೀರಿಸಿದೆವು. ಬರದ ರೋಗಕ್ಕೂ ದೇವಿಗೆ ಸಲ್ಲಬೇಕಾದ್ದು ಸಲ್ಲಬೇಕೆಂಬುದು ಅಮ್ಮನ ನಿಲುವು.

ಚೆರ್ನೌಟ್ಸಿಯ ತಾಯಿಗೆ ಫೋನೂ ಬರಲಿಲ್ಲ. ಮಗನ ಆತ್ಮಶಾಂತಿಗಾಗಿ ಆಕೆ ಶೋಕಕೂಟ ಏರ್ಪಡಿಸಿದಳು. ಶವವಿಲ್ಲ, ಗೋರಿಯಿಲ್ಲ, ಮಣ್ಣು ಮಾಡಿದ ಊರಿನ ಹೆಸರೂ ಸರಿಯಾಗಿ ತಿಳಿಯದು. ದೂರದ ದೇಶದಲ್ಲಿ ಸತ್ತವರಿಗಾಗಿ ಊರಿನಲ್ಲಿ ಮಾಡುವ ಕ್ರಿಯೆಗಳಲ್ಲಿ ಇರುವ ಪೊಳ್ಳನ್ನು, ಕೊರೋನಾ ಕಾಲದಲ್ಲಿ ತಂದೆತಾಯಿಯರ ಮುಖ ನೋಡಲಾಗದೆ ಇಲ್ಲಿಯೇ ಎಳ್ಳುನೀರು ಬಿಟ್ಟ ನಮ್ಮಲ್ಲಿ ಹಲವರು ಬಲ್ಲರು. ಆ ತಾಯಿ ಕರೆಯಬೇಕಾದವರನ್ನೆಲ್ಲ ಕರೆದಿದ್ದಳು. ಅತ್ತ ಜಿನೋವಾದಲ್ಲಿ ಬೆವರು ಬಂದಿತ್ತು, ಜ್ವರ ಇಳಿದಿತ್ತು. ಎದ್ದು ನಿಲ್ಲುವಷ್ಟು ತ್ರಾಣ ಬಂದೊಡನೆ ಆತ ಊರಿನ ದಾರಿ ಹಿಡಿದ. ಸುದ್ದಿಗಿಂತ ನಿಧಾನವಾಗಿ, ಆದರೆ ಶೋಕದ ಹೊತ್ತಿಗೆ ಸರಿಯಾಗಿ, ತಾಯಿಯ ಮನೆಯ ಬಾಗಿಲಲ್ಲಿ ಬಂದು ನಿಂತ. ಆತನನ್ನು ಕಂಡ ತಾಯಿ ಪ್ರಜ್ಞೆ ತಪ್ಪಿ ಬಿದ್ದಳು.

ರುಮೇನಿಯದ ಫುಟ್‌ಬಾಲ್ ಪ್ರೇಮಿಗಳು ಈ ಪ್ರಸಂಗವನ್ನು ನಗುತ್ತ ಹೇಳುತ್ತಾರೆ. ವಿಶ್ವಕಪ್ಪಿನ ವಿಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಕಾಯಂ ಜಾಗವಿದೆ. ನನಗೆ ನಗು ಬಾರದು. ಆ ಬಾಗಿಲಿನವರೆಗೆ ಬರುವಾಗ ಆತನಿಗೆ ಒಳಗೆ ಏನು ನಡೆಯುತ್ತಿದೆಯೆಂಬುದರ ಸುಳಿವಿರಲಿಲ್ಲ. ತಾನು ಬದುಕಿದ್ದೇನೆಂಬುದು ಅವನಿಗೆ ಎಷ್ಟು ಸಹಜವಾಗಿತ್ತೆಂದರೆ ಅದನ್ನು ಯಾರಿಗಾದರೂ ತಿಳಿಸಬೇಕೆಂದು ತೋಚಿರಲಾರದು. ವಿದೇಶದಲ್ಲಿ ಇರುವವರು ಎರಡು ವಾರ ಫೋನು ಮಾಡದಿರುವುದಕ್ಕೆ ಕಾರಣವೂ ಹೆಚ್ಚಿನ ಸಲ ಇದೇ.

ಇಲ್ಲಿಗೆ ಬರಲು ತಯಾರಾಗುತ್ತಿರುವ ಕಿರಿಯರಿಗೆ ಒಂದು ಮಾತನ್ನು ನಡುವೆಯೇ ಹೇಳಿಬಿಡುತ್ತೇನೆ. ಜರ್ಮನಿಯ ವೈದ್ಯರಿಗೆ ರೋಗಿಯ ಗುಟ್ಟು ಕಾಯುವುದು ಕಾನೂನಿನ ಕಟ್ಟಳೆ. ಸಾಗರದಿಂದಲೋ ಕಲಬುರಗಿಯಿಂದಲೋ ತಾಯಿಯೇ ಫೋನು ಮಾಡಿ ಅತ್ತರೂ, ರೋಗಿಯ ಒಪ್ಪಿಗೆಯಿಲ್ಲದೆ ನಾವು ಏನನ್ನೂ ಹೇಳುವಂತಿಲ್ಲ. ಹಾಗಾಗಿ ಇಲ್ಲಿ ಇರುವ ಗೆಳೆಯನೊಬ್ಬನ ಹೆಸರನ್ನೂ ಮನೆಯವರ ಸಂಖ್ಯೆಯನ್ನೂ ಬರೆದು ಪರ್ಸಿನಲ್ಲಿಟ್ಟುಕೊಳ್ಳುವುದು, ಆ ಗೆಳೆಯನಿಗೆ ಮಾತಾಡುವ ಅಧಿಕಾರವನ್ನು ಕಾಗದದ ಮೇಲೆ ಕೊಡುವುದು ಒಳ್ಳೆಯದು. ಆತ ಕನ್ನಡ ಬಲ್ಲವನಾದರೆ ಇನ್ನೂ ಒಳ್ಳೆಯದು. ಕಾರಣವನ್ನು ಮೇಲೆ ಹೇಳಿದ್ದಾಗಿದೆ.

ಶೋಕಕೂಟದ ನಂತರ ಆಲ್ಫ್ರೆಡ್ ಏನು ಮಾಡಿದನೆಂಬುದು ವೈದ್ಯನಾದ ನನಗೆ ಹೆಚ್ಚು ಬೆರಗಿನ ವಿಷಯ. ಆತ ರಾಜಧಾನಿ ಬುಖಾರೆಸ್ಟಿನ ವೀನಸ್ ಕ್ಲಬ್ಬಿಗೆ ಸೇರಿದ. ಆ ದಶಕ ವೀನಸ್ಸಿನ ದಶಕ. 1932, 1934, 1937, 1939, 1940, ಹೀಗೆ ಐದು ಬಾರಿ ಆ ತಂಡ ದೇಶದ ಚಾಂಪಿಯನ್ ಆಯಿತು. ಮುಂಸಾಲಿನಲ್ಲಿ ವಿಲ್ಕೋವ್ ಸಹೋದರರಂಥ ಗೋಲುಗಾರರು ಹೆಸರು ಗಳಿಸಿದರು; ಐಸೆನ್‌ಬೈಸರ್ ಎಂದಿನಂತೆ ಹಿಂದೆ ನಿಂತು ಚೆಂಡು ಕಸಿದು ಅವರಿಗೆ ಒದಗಿಸುವ ಕೆಲಸದಲ್ಲಿದ್ದ.

ಅಷ್ಟೇ ಆಗಿದ್ದರೆ ಒಬ್ಬ ಒಳ್ಳೆಯ ಆಟಗಾರನ ಬದುಕು ಎಂದು ಮುಗಿಸಬಹುದಿತ್ತು. ಆದರೆ ಆತನಿಗೆ ಇನ್ನೊಂದು ಗೀಳಿತ್ತು. ಚೆರ್ನೌಟ್ಸಿಯ ಚಳಿಗಾಲದಲ್ಲಿ ಮೈದಾನದ ಮೇಲೆ ಹಿಮ ಬಿದ್ದು ಫುಟ್‌ಬಾಲ್ ನಿಲ್ಲುತ್ತಿತ್ತು. ಹೆಪ್ಪುಗಟ್ಟಿದ ನೀರಿನ ಮೇಲೆ ಸ್ಕೇಟಿಂಗ್ ಶುರುವಾಗುತ್ತಿತ್ತು. ಬೇಸಿಗೆಯಲ್ಲಿ ಮೊಳೆಯ ಬೂಟು, ಚಳಿಯಲ್ಲಿ ಅಲಗಿನ ಬೂಟು. ಫಿಗರ್ ಸ್ಕೇಟಿಂಗಿನ ಜೋಡಿ ವಿಭಾಗದಲ್ಲಿ ಇರಿನಾ ತಿಮ್ಚಿಕ್ ಎಂಬಾಕೆಯ ಜೊತೆಗಾರನಾಗಿ ಆತ 1934ರ ಯೂರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಏಳನೆಯ ಸ್ಥಾನ ಪಡೆದ. 1936ರ ಫೆಬ್ರವರಿಯಲ್ಲಿ ಜರ್ಮನಿಯ ಗಾರ್ಮಿಷ್-ಪಾರ್ಟೆನ್‌ಕಿರ್ಖೆನ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹದಿನೆಂಟು ಜೋಡಿಗಳ ನಡುವೆ ಹದಿಮೂರನೆಯ ಸ್ಥಾನ. ವಿಶ್ವಕಪ್ ಫುಟ್‌ಬಾಲ್ ಆಡಿದವನೊಬ್ಬ ಒಲಿಂಪಿಕ್ಸ್‌ನಲ್ಲಿ ಸಂಗೀತಕ್ಕೆ ಹೆಜ್ಜೆ ಹಾಕಿ ಜೊತೆಗಾತಿಯನ್ನು ಎತ್ತಿ ತಿರುಗಿಸಿದ ಉದಾಹರಣೆ ನನಗೆ ತಿಳಿದಂತೆ ಇನ್ನೊಂದಿಲ್ಲ.

ಜೋಡಿ ಸ್ಕೇಟಿಂಗನ್ನು ದೂರದರ್ಶನದಲ್ಲಿ ನೋಡುವಾಗ ಅದು ನವಿಲುಗರಿಯಷ್ಟು ಹಗುರ. ಎತ್ತುವವನ ಎದೆಗೆ ಗೊತ್ತು ಅದರ ಭಾರ. ಹಡಗಿನ ಹಾಸಿಗೆಯಲ್ಲಿ ಒಂದು ಬಾರಿ ಉಸಿರೆಳೆಯಲು ಒದ್ದಾಡಿದವನು ಆರು ವರ್ಷಗಳೊಳಗೆ ಇದನ್ನು ಮಾಡಿದ್ದು ಹೇಗೆ? ಉತ್ತರ ಪುಪ್ಪುಸದಲ್ಲಿಯೇ ಇದೆ. ಕ್ಷಯದಂತೆ ನ್ಯುಮೊಕಾಕಸ್ ನ್ಯುಮೋನಿಯಾ ಪುಪ್ಪುಸವನ್ನು ತಿಂದು ಹಾಕುವುದಿಲ್ಲ. ಗಾಳಿಗೂಡುಗಳ ಗೋಡೆಗಳನ್ನು ಹಾಗೆಯೇ ಬಿಟ್ಟು ಒಳಗೆ ಕಸ ತುಂಬುತ್ತದೆ, ಅಷ್ಟೆ. ರೋಗಿ ಬದುಕುಳಿದರೆ, ಪಕ್ಕೆಯಲ್ಲಿ ಕೀವು ಕಟ್ಟಿಕೊಳ್ಳುವಂಥ ತೊಡಕುಗಳು ಬಾರದಿದ್ದರೆ, ಕೆಲವು ವಾರಗಳಲ್ಲಿ ಆ ಕಸ ಕರಗಿ ಹೋಗಿ ಪುಪ್ಪುಸ ಮೊದಲಿನಂತಾಗುತ್ತದೆ. ಎಕ್ಸ್-ರೇಯಲ್ಲಿ ಗುರುತೂ ಉಳಿಯದಷ್ಟು. ಕೊಲ್ಲುವ ರೋಗಗಳಲ್ಲಿ ಇಷ್ಟು ಪೂರ್ತಿಯಾಗಿ ಬಿಟ್ಟುಕೊಡುವ ರೋಗ ವಿರಳ. ನನ್ನ ರೋಗಿಗಳು, ನಾನು ಮತ್ತೆ ಮೊದಲಿನಂತಾಗುವೆನೇ ಎಂದು ಕೇಳಿದಾಗ ನಾನು ಈಗ ಅಂಕಿಅಂಶ ಹೇಳುವ ಮೊದಲು ಐಸೆನ್‌ಬೈಸರನ ಹೆಸರು ಹೇಳುತ್ತೇನೆ.

ಆ ಹೆಸರಿನದೂ ಒಂದು ಕತೆ. ಜರ್ಮನ್ ಭಾಷೆಯಲ್ಲಿ ಐಸೆನ್‌ಬೈಸರ್ ಎಂದರೆ ಕಬ್ಬಿಣ ಕಚ್ಚುವವ. ಕನ್ನಡದಲ್ಲಿ ಕಬ್ಬಿಣದ ಕಡಲೆ ಜಗಿಯುವವನೆಂದು ಧಾರಾಳವಾಗಿ ಹೇಳಬಹುದು. ರುಮೇನಿಯದಲ್ಲಿ ಆತ ಫ್ರೆಡಿ ಫಿಯೆರಾರು ಎಂಬ ಹೆಸರಿನಿಂದಲೂ ಪ್ರಸಿದ್ಧ. ಅಲ್ಲಿನ ಭಾಷೆಯಲ್ಲಿ ಫಿಯೆರ್ ಎಂದರೆ ಕಬ್ಬಿಣ, ಫಿಯೆರಾರು ಎಂದರೆ ಕಮ್ಮಾರ. ಕಬ್ಬಿಣವನ್ನು ಉಳಿಸಿಕೊಂಡು ಭಾಷೆಯನ್ನು ಬದಲಿಸಿದ. ಆ ತಂಡದಲ್ಲಿ ಜರ್ಮನ್, ಹಂಗೇರಿಯನ್ ಹೆಸರಿನವರು ಬಹಳ ಮಂದಿ. ದಾಖಲೆಗಳಲ್ಲಿ ಒಬ್ಬೊಬ್ಬರೂ ಎರಡು ಮೂರು ವೇಷಗಳಲ್ಲಿ ಕಾಣಿಸುತ್ತಾರೆ. ಕೊವಾಚ್ ಕೊವಾಚಿಯಾಗಿ, ರಾಫಿನ್‌ಸ್ಕಿಯ ಅಕ್ಷರಗಳು ಹಿಂದುಮುಂದಾಗಿ. ನಾಲ್ಕು ಅಕ್ಷರದ ನನ್ನ ಹೆಸರನ್ನು ಇಲ್ಲಿನ ಸಹೋದ್ಯೋಗಿಗಳು ಎರಡಕ್ಕೆ ಇಳಿಸಿದಾಗ ಮೊದಲು ನೊಂದುಕೊಂಡಿದ್ದೆ. ಈಗ ಊರಿನಿಂದ ಬಂದವರು ಪೂರ್ತಿ ಹೆಸರು ಕರೆದರೆ ಯಾರನ್ನೋ ಕರೆದಂತಾಗಿ ತಿರುಗಿ ನೋಡುತ್ತೇನೆ.

1940ರ ಜೂನ್ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ಅಂತಿಮ ಎಚ್ಚರಿಕೆಗೆ ಮಣಿದು ರುಮೇನಿಯ ಉತ್ತರ ಬುಕೊವಿನಾವನ್ನು ಬಿಟ್ಟುಕೊಟ್ಟಿತು. ಅದೇ ವರ್ಷ ಬರ್ಲಿನ್ ಮಾಡಿಕೊಂಡ ಒಪ್ಪಂದಗಳ ಪ್ರಕಾರ ಬುಕೊವಿನಾದ ಜರ್ಮನ್ ಭಾಷಿಕರನ್ನು, ಉತ್ತರ ದಕ್ಷಿಣ ಎರಡೂ ಸೇರಿ ತೊಂಬತ್ತು ಸಾವಿರದಷ್ಟು ಜನರನ್ನು, ಜರ್ಮನಿಯ ಅಧೀನದ ನೆಲಗಳಿಗೆ ಸಾಗಿಸಲಾಯಿತು. ಮರುವರ್ಷ ರುಮೇನಿಯದ ಸೈನ್ಯ ಮರಳಿ ಬಂದಾಗ ಅಲ್ಲಿನ ಯಹೂದಿಗಳನ್ನು ಮೊದಲು ಘೆಟ್ಟೊಗೆ ತಳ್ಳಿ, ಆಮೇಲೆ ಸಹಸ್ರಾರು ಜನರನ್ನು ಟ್ರಾನ್ಸ್‌ನಿಸ್ಟ್ರಿಯಕ್ಕೆ ಅಟ್ಟಿದರು, ಹಿಂತಿರುಗಿದವರು ಕಡಿಮೆ. ಯಾನ್ ಕ್ಲಬ್ಬು ಆಡುವವರಿಲ್ಲದೆ ಹೋಯಿತು, ಮಕ್ಕಾಬಿಯ ಆಟಗಾರರು ಉಳಿಯಲಿಲ್ಲ. 1944ರಲ್ಲಿ ಸೋವಿಯತ್ ಸೈನ್ಯ ಮತ್ತೆ ಬಂದು ನೆಲೆಸಿತು. ಐದು ಭಾಷೆಗಳ ಪಟ್ಟಣದ ಮೈದಾನಗಳಲ್ಲಿ ಆತನೊಡನೆ ಓಡಿದವರ ಪೈಕಿ ಊರಿನಲ್ಲಿ ಉಳಿದವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಆತ ಐದು ಪ್ರಶಸ್ತಿಗಳ ಕಾಲವನ್ನು ಕಂಡ ವೀನಸ್ ಕ್ಲಬ್ಬನ್ನೂ 1949ರಲ್ಲಿ ಕಮ್ಯುನಿಸ್ಟ್ ಆಡಳಿತದಡಿ ಮುಚ್ಚಿಬಿಟ್ಟರು.

ಕೊನೆಗೆ ಆತನೂ ಬರ್ಲಿನ್ ಸೇರಿದ. ತನ್ನ ಮನೆಮಾತನ್ನೇ ಆಡುವ, ಆದರೆ ತಾನು ಹುಟ್ಟದ, ತಾನು ಯಾವತ್ತೂ ಪ್ರತಿನಿಧಿಸದ ದೇಶಕ್ಕೆ. ಚೆರ್ನೊವಿಟ್ಸ್‌ನ ನನ್ನ ಆ ವೃದ್ಧ ರೋಗಿ ಹೇಳುತ್ತಿದ್ದಂತೆ, ಅವರ ಜರ್ಮನ್ ಕೇಳಿದವರು ಇಲ್ಲಿ ಮೊದಲು ಕೇಳುವ ಪ್ರಶ್ನೆ, ನೀವು ಎಲ್ಲಿಯವರು ಎಂದು. ಧಾರವಾಡದವನು ಮೈಸೂರಿನಲ್ಲಿ ಬಾಯಿ ತೆರೆದಾಗ ಎದುರಾಗುವ ಪ್ರಶ್ನೆಯೇ. ಆದರೆ ಧಾರವಾಡದವನಿಗೆ ಹಿಂತಿರುಗಲು ಧಾರವಾಡವಿರುತ್ತದೆ.

ಬರ್ಲಿನ್ನಿನ ಗೋಡೆ ಬಿದ್ದುದನ್ನು, 1990ರ ಅಕ್ಟೋಬರಿನಲ್ಲಿ ಎರಡು ಜರ್ಮನಿಗಳು ಒಂದಾದುದನ್ನು ಕಾಣುವಷ್ಟು ಕಾಲ ಆತ ಬದುಕಿದ. 1991ರ ಜೂನ್ 20ರಂದು ಬಾನ್ ನಗರದಲ್ಲಿ ಸೇರಿದ್ದ ಸಂಸತ್ತು, ಬರ್ಲಿನ್ ಮತ್ತೆ ಆಡಳಿತದ ಕೇಂದ್ರವಾಗಬೇಕೆಂದು ಅಲ್ಪ ಬಹುಮತದಿಂದ ನಿರ್ಧರಿಸಿತು. ಅದಾದ ಹನ್ನೊಂದನೆಯ ದಿನ, ಜುಲೈ 1ರಂದು, ಎಂಬತ್ತಮೂರರ ಆಲ್ಫ್ರೆಡ್ ಐಸೆನ್‌ಬೈಸರ್ ಬರ್ಲಿನ್ನಿನಲ್ಲಿ ತೀರಿಕೊಂಡ. ತಾಯಿ ಏರ್ಪಡಿಸಿದ ಶೋಕಕೂಟ ಕಳೆದು ಆಗ ಅರವತ್ತೊಂದನೆಯ ವರ್ಷ ತುಂಬುತ್ತ ಬಂದಿತ್ತು. ಆತ ಹುಟ್ಟಿದ ಊರು ಆ ದಿನಕ್ಕೆ ಇನ್ನೂ ಸೋವಿಯತ್ ಒಕ್ಕೂಟದಲ್ಲಿತ್ತು. ಎರಡು ತಿಂಗಳು ತುಂಬುವ ಮೊದಲೇ, ಆಗಸ್ಟ್ 24ರಂದು, ಉಕ್ರೇನ್ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಊರು ಮತ್ತೊಮ್ಮೆ ದೇಶ ಬದಲಿಸಿ ಚೆರ್ನಿವ್ಟ್ಸಿ ಎಂಬ ಹೆಸರಿನಿಂದ ಅಲ್ಲಿಯೇ ಇದೆ.